ಒಣಗಿದ ಜೆಲ್ ರೀಫಿಲ್ಲು ಮತ್ತು ತಿಂಥಣಿಯ ನೀರು

(ಉಪನ್ಯಾಸದ ಪಠ್ಯ)



ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ ಕೃಷ್ಣಾ ನದಿಯ ದಡದ ಮೇಲೆ ತಿಂಥಣಿ ಎಂಬ ಊರಿದೆ. ಸುರಪುರದಿಂದ ಲಿಂಗಸುಗೂರಿನ ಕಡೆಗೆ ಹೋಗುವ ರಸ್ತೆ ನದಿಯನ್ನು ದಾಟುವುದು ಈ ಊರಿನ ಬಳಿಯ ಸೇತುವೆಯ ಮೇಲೆಯೇ. ಮೌನೇಶ್ವರರ ಗದ್ದುಗೆಯಿಂದಾಗಿ ಈ ಊರು ನಾಡಿಗೆಲ್ಲ ಪರಿಚಿತ. ಹಿಂದೂಗಳೂ ಮುಸ್ಲಿಮರೂ ಒಂದೇ ಭಕ್ತಿಯಿಂದ ನಡೆದುಕೊಳ್ಳುವ ಕ್ಷೇತ್ರವದು. ಮಲೆನಾಡಿನವರಿಗೆ ಅದು ಬಿಸಿಲು ನಾಡು, ಕಪ್ಪು ನೆಲದ ಸೀಮೆ, ದೂರದ ಊರು. ಆದರೆ ತಿಂಥಣಿಯ ಮುಂದೆ ಹರಿಯುವ ನೀರು ಬಹುಮಟ್ಟಿಗೆ ಗುಡ್ಡಗಳದೇ. ಕೃಷ್ಣೆ ಮಹಾಬಲೇಶ್ವರದಲ್ಲಿ ಹುಟ್ಟುತ್ತಾಳೆ. ಘಟಪ್ರಭೆಯ ಮೂಲವೂ ಸಹ್ಯಾದ್ರಿಯೇ. ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಈ ಎಲ್ಲ ನೀರು ನಾರಾಯಣಪುರದ ಬಸವಸಾಗರದಲ್ಲಿ ನಿಂತು, ಅಲ್ಲಿಂದ ಬಿಟ್ಟದ್ದು ತಿಂಥಣಿಯ ಸೇತುವೆಯ ಕೆಳಗೆ ಹಾದುಹೋಗುತ್ತದೆ.

ನೀರಿನ ಜೊತೆಗೆ ಕಸವೂ ಹರಿಯುತ್ತದೆ. ಜುಲೈ-ಆಗಸ್ಟ್ ತಿಂಗಳ ಮಳೆಯಲ್ಲಿ ಶಾಲೆಯ ಹಿಂದಿನ ಹಳ್ಳಕ್ಕೆ ಬಿದ್ದ ಹಗುರವಾದ ಪ್ಲಾಸ್ಟಿಕ್ ಚೂರು ಜಲಾಶಯದ ಹೂಳಿನಲ್ಲಿ ಸಿಕ್ಕಿಕೊಳ್ಳಬಹುದು, ಇಲ್ಲವೆ ನೆರೆಯ ನೀರಿನೊಡನೆ ಗೇಟು ದಾಟಿ ಮುಂದಕ್ಕೆ ಹೋಗಬಹುದು. ಎರಡರಲ್ಲಿ ಯಾವುದಾದರೂ ಅದು ಕೊಳೆತು ಮಣ್ಣಾಗುವುದಿಲ್ಲ.

ಇಂದಿನ ಮಾತಿನ ವಸ್ತು ಅಂಥದೊಂದು ಚೂರು, ಜೆಲ್ ಪೆನ್ನಿನ ರೀಫಿಲ್ಲು. ಕಾಡು ಕಡಿಯುವುದರ ವಿರುದ್ಧವೂ ಅಣೆಕಟ್ಟುಗಳ ಬಗೆಗೂ ಮಾತು ನಡೆಯುವ ವೇದಿಕೆಯಲ್ಲಿ ಇದು ತೀರ ಕ್ಷುಲ್ಲಕವೆನಿಸೀತು. ಆದರೆ ವಿದ್ಯಾರ್ಥಿಯೊಬ್ಬ ದಿನನಿತ್ಯ ತನ್ನ ಕೈಯಾರೆ ಎಸೆಯುವ ಪ್ಲಾಸ್ಟಿಕ್ಕು ಇದು. ಎಸೆಯುವ ಮುನ್ನ ಅದನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡುವವರು ಕಡಿಮೆ. ನೋಡಿದರೆ ಎಷ್ಟೋ ವೇಳೆ ಕೊಳವೆಯ ಅರ್ಧದಷ್ಟು ಶಾಯಿ ಹಾಗೆಯೇ ಉಳಿದಿರುವುದು ಕಾಣುತ್ತದೆ. ಅಲ್ಲಿ ಖಾಲಿಯಾದದ್ದು ಏನೂ ಇಲ್ಲ, ಹರಿವು ಮಾತ್ರ ನಿಂತಿದೆ. ಏಕೆ ನಿಂತಿತೆಂದು ತಿಳಿದರೆ ಮತ್ತೆ ಬರೆಯಿಸುವುದು ಕಷ್ಟವಲ್ಲ. ಅದನ್ನು ತಿಳಿಯಬೇಕಾದರೆ ಮೊದಲು ಆ ಶಾಯಿ ಏನೆಂಬುದನ್ನು ನೋಡಬೇಕು.

ಹಳೆಯ ಬಾಲ್ ಪೆನ್ನಿನ ಶಾಯಿ ಎಣ್ಣೆಯ ಗುಣದ್ದು, ಅಂಟಂಟಾದದ್ದು. ಜೆಲ್ ಪೆನ್ನಿನದು ನೀರಿನ ಶಾಯಿ. ನೀರು, ಅದು ಬೇಗ ಆರದಂತೆ ತಡೆಯುವ ಗ್ಲಿಸರಿನ್ನಿನಂಥ ದ್ರವ, ಬಣ್ಣದ ನುಣ್ಣನೆಯ ಪುಡಿ, ಇವೆಲ್ಲವನ್ನೂ ಹಿಡಿದಿಡುವ ಒಂದು ಅಂಟು: ಇಷ್ಟೇ ಅದರ ಸಾಮಗ್ರಿ. ಜಪಾನಿನ ಒಸಾಕಾ ನಗರದ ಸಕುರಾ ಕಂಪನಿ 1984ರಲ್ಲಿ ಇದನ್ನು ಮೊದಲು ಮಾರುಕಟ್ಟೆಗೆ ತಂದಿತು. ತಕ್ಕ ಅಂಟನ್ನು ಹುಡುಕುತ್ತ ಅಲ್ಲಿನ ತಂತ್ರಜ್ಞರು ಸಮುದ್ರದ ಪಾಚಿ, ತುರಿದ ಗೆಡ್ಡೆ, ಮೊಟ್ಟೆಯ ಬಿಳಿಯ ಭಾಗವನ್ನೂ ಪರೀಕ್ಷಿಸಿದ್ದರು. ಕೊನೆಗೆ ಅವರ ಕೈಗೆ ಸಿಕ್ಕದ್ದು ಕ್ಸಾಂಥನ್ ಎಂಬ ಅಂಟು.

ಈ ಅಂಟಿನ ಹುಟ್ಟನ್ನು ರೈತರು ಬಲ್ಲರು, ಹೆಸರು ಮಾತ್ರ ಬೇರೆ. ಎಲೆಕೋಸಿನ ಎಲೆಯ ಅಂಚಿನಿಂದ ಒಳಕ್ಕೆ ಹಳದಿಯಾಗಿ, ನರಗಳು ಕಪ್ಪಾಗಿ ಕೊಳೆಯುವ ರೋಗವೊಂದಿದೆ. ಅದನ್ನು ತರುವ ದುಂಡಾಣುವಿನ ಹೆಸರು ಕ್ಸಾಂಥೊಮೊನಾಸ್. ಭತ್ತದ ದುಂಡಾಣು ಎಲೆ ಅಂಗಮಾರಿ, ದಾಳಿಂಬೆಯ ಅಂಗಮಾರಿ, ನಿಂಬೆಯ ಕಜ್ಜಿ ಇವೆಲ್ಲ ಅದೇ ಕುಲದ ದುಂಡಾಣುಗಳ ಕೆಲಸ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸುರಪುರ, ಶಹಾಪುರ ತಾಲ್ಲೂಕುಗಳ ಜೋಳದ ಹೊಲಗಳು ಬಹಳಷ್ಟು ಭತ್ತದ ಗದ್ದೆಗಳಾದವು. ಹಾಗಾಗಿ ಅಲ್ಲಿನ ರೈತರಿಗೂ ಮಲೆನಾಡಿನ ರೈತರಿಗೂ ಅಂಗಮಾರಿ ಸಮಾನ ಶತ್ರು. ರೋಗ ಹಿಡಿದ ಭತ್ತದ ಎಲೆಯನ್ನು ಕತ್ತರಿಸಿ, ಕತ್ತರಿಸಿದ ತುದಿಯನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಅದ್ದಿ ಹಿಡಿದರೆ ಸ್ವಲ್ಪ ಹೊತ್ತಿನಲ್ಲಿ ಹಾಲಿನಂಥ ಎಳೆಯೊಂದು ಕೆಳಕ್ಕಿಳಿಯುತ್ತದೆ. ಕೃಷಿ ಅಧಿಕಾರಿಗಳು ಹೊಲದಲ್ಲಿಯೇ ಮಾಡಿ ತೋರಿಸುವ ಪರೀಕ್ಷೆಯಿದು. ಆ ಎಳೆಯಲ್ಲಿರುವುದು ದುಂಡಾಣುಗಳು ಮತ್ತು ಅವು ತಮ್ಮ ಸುತ್ತ ಸುತ್ತಿಕೊಂಡ ಲೋಳೆ. ಬಿಸಿಲಿಗೆ ಒಣಗಿ ಸಾಯದಿರಲೆಂದು ಅವು ಮಾಡಿಕೊಂಡ ಹೊದಿಕೆಯದು. ಅಮೆರಿಕದ ಕೃಷಿ ಇಲಾಖೆಯ ಪಿಯೋರಿಯಾ ಪ್ರಯೋಗಾಲಯದಲ್ಲಿ ಅಲೀನ್ ಜೀನ್ಸ್ ಮತ್ತು ಸಂಗಡಿಗರು ಎಲೆಕೋಸಿನ ದುಂಡಾಣುವನ್ನು ಸಕ್ಕರೆಯ ದ್ರಾವಣದಲ್ಲಿ ಬೆಳೆಸಿ ಈ ಲೋಳೆಯನ್ನು ಬೇರ್ಪಡಿಸಿದರು. 1969ರಲ್ಲಿ ಅದನ್ನು ಆಹಾರದಲ್ಲಿ ಬಳಸಲೂ ಅಲ್ಲಿ ಅನುಮತಿ ದೊರೆಯಿತು. ಸಾಸ್, ಐಸ್‌ಕ್ರೀಮ್‌ಗಳಿಂದ ಹಿಡಿದು ಪೆನ್ನಿನ ಶಾಯಿಯವರೆಗೆ ಇಂದು ಅದರ ಬಳಕೆಯಿದೆ. ಎಲ್ಲ ಕಂಪನಿಗಳೂ ಇದನ್ನೇ ಹಾಕುತ್ತವೆಂದಲ್ಲ, ಬೇರೆ ಅಂಟುಗಳನ್ನು ಬಳಸುವವರೂ ಉಂಟು. ಕೆಲಸ ಒಂದೇ.

ಆ ಕೆಲಸ ಯಾವುದು? ನಾಟಿಗೆ ಹದ ಮಾಡಿದ ಗದ್ದೆಯ ಕೆಸರನ್ನು ನೆನೆಯಿರಿ. ತುಳಿದಾಗ ಅದು ಸಡಿಲವಾಗಿ ಜಾರುತ್ತದೆ, ಬಿಟ್ಟರೆ ನಿಂತಲ್ಲಿಯೇ ಗಟ್ಟಿಯಾಗುತ್ತದೆ. ಜೆಲ್ ಶಾಯಿಯ ಸ್ವಭಾವವೂ ಹೀಗೆಯೇ. ಪೆನ್ನು ಜೇಬಿನಲ್ಲಿದ್ದಾಗ ಗಟ್ಟಿಯಾಗಿದ್ದು ಸೋರುವುದಿಲ್ಲ. ಬರೆಯುವಾಗ ಮೊನೆಯ ಗುಂಡು ಉರುಳಿದೊಡನೆ ಗುಂಡಿನ ಸುತ್ತಲಿನ ಶಾಯಿಯಷ್ಟೇ ತೆಳುವಾಗಿ ಕಾಗದದ ಮೇಲೆ ಇಳಿಯುತ್ತದೆ. ಅರ್ಧ ಮಿಲಿಮೀಟರಿನಷ್ಟು ಸಣ್ಣ ಆ ಗುಂಡು ಉರುಳದಿದ್ದರೆ ಶಾಯಿ ಸಡಿಲವಾಗದು, ಶಾಯಿ ಸಡಿಲವಾಗದಿದ್ದರೆ ಗುಂಡು ಉರುಳದು. ಬರೆಯದ ರೀಫಿಲ್ಲಿನ ಎಲ್ಲ ತೊಂದರೆ ಈ ಸುಳಿಯಲ್ಲಿದೆ.

ಕೊಳವೆಯ ಹಿಂದಿನ ತುದಿ ತೆರೆದೇ ಇರುತ್ತದೆ. ಅಲ್ಲಿ ಶಾಯಿಯ ಬೆನ್ನಿಗೆ ಅಂಟಿಕೊಂಡಂತೆ ಬಣ್ಣವಿಲ್ಲದ ಗ್ರೀಸಿನ ಒಂದು ಬಿರಡೆಯಿರುವುದನ್ನು ತಾವು ಕಂಡಿರಬಹುದು. ಶಾಯಿ ಖರ್ಚಾದಂತೆ ಅದೂ ಹಿಂದೆಯೇ ಸರಿದು ಬರುತ್ತದೆ. ಹಿಂದಿನಿಂದ ನೀರು ಆರದಂತೆಯೂ ಶಾಯಿ ಹಿಂದಕ್ಕೆ ಹರಿಯದಂತೆಯೂ ತಡೆಯುವುದು ಅದರ ಕೆಲಸ. ಅನೇಕ ಮಕ್ಕಳು ಇದನ್ನು ಕಸವೆಂದು ಭಾವಿಸಿ ಕಡ್ಡಿಯಿಂದ ತೆಗೆಯುತ್ತಾರೆ. ತೆಗೆದರೆ ಆ ರೀಫಿಲ್ಲಿನ ಆಯುಷ್ಯ ಮುಗಿಯಿತು.

ತಿಂಥಣಿಯ ಕಡೆಯ ರೀಫಿಲ್ಲು ಕೆಡುವ ಬಗೆಗೂ ಮಲೆನಾಡಿನ ರೀಫಿಲ್ಲು ಕೆಡುವ ಬಗೆಗೂ ಸ್ವಲ್ಪ ವ್ಯತ್ಯಾಸವಿದೆ. ಯಾದಗಿರಿ-ರಾಯಚೂರು ಸೀಮೆಯಲ್ಲಿ ಏಪ್ರಿಲ್-ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ, ಗಾಳಿಯಲ್ಲಿ ತೇವವಿಲ್ಲ. ಟೋಪಿ ತೆಗೆದಿಟ್ಟ ಪೆನ್ನಿನ ಮೊನೆಯಲ್ಲಿನ ನೀರು ಬೇಗ ಆರಿ, ಅಂಟು ಮತ್ತು ಬಣ್ಣದ ಪುಡಿ ಗುಂಡಿನ ಸುತ್ತ ಹೊಪ್ಪಳೆಗಟ್ಟುತ್ತವೆ. ಹತ್ತನೆಯ ತರಗತಿಯ ಪರೀಕ್ಷೆ ನಡೆಯುವುದೂ ಬಿಸಿಲು ಏರುವ ಕಾಲದಲ್ಲಿಯೇ. ಪುಟ ತಿರುಗಿಸುವಷ್ಟರಲ್ಲಿ ಪೆನ್ನು ಕೈಕೊಟ್ಟರೆ ಆ ಮಗುವಿನ ಗಾಬರಿ ಎಷ್ಟೆಂದು ಬೇರೆ ಹೇಳಬೇಕಾಗಿಲ್ಲ. ಎರಡನೆಯ ಪೆನ್ನು ಜೇಬಿನಲ್ಲಿ ಇಲ್ಲದ ಮಕ್ಕಳೇ ಇಂಥಲ್ಲಿ ಹೆಚ್ಚು ಸೋಲುತ್ತಾರೆ. ಮಲೆನಾಡಿನ ಮಳೆಗಾಲದಲ್ಲಿ ಒಣಗುವ ತೊಂದರೆ ಕಡಿಮೆ. ಇಲ್ಲಿ ಕಾಗದವೇ ತೇವ ಹೀರಿ ಮೆತ್ತಗಾಗಿ, ಅದರ ನಾರು ಎದ್ದು ಗುಂಡಿನ ಸಂದಿಗೆ ಸೇರುತ್ತದೆ. ಇನ್ನುಳಿದ ಎರಡು ಕಾರಣಗಳು ಎಲ್ಲೆಡೆಯೂ ಒಂದೇ: ಮೊನೆ ಮೇಲಾಗಿ ಇಟ್ಟದ್ದರಿಂದಲೋ ಕೆಳಗೆ ಬಿದ್ದದ್ದರಿಂದಲೋ ಶಾಯಿಯ ನಡುವೆ ಸೇರಿದ ಗಾಳಿಗುಳ್ಳೆ, ಮತ್ತು ಮೊನೆ ನೆಲಕ್ಕೆ ಬಡಿದು ಗುಂಡಿನ ಗೂಡು ನಜ್ಜಾಗುವುದು.

ಈಗ ಪರಿಹಾರಕ್ಕೆ ಬರೋಣ. ಮೊದಲು ರೀಫಿಲ್ಲನ್ನು ಬೆಳಕಿಗೆ ಹಿಡಿದು ನೋಡಬೇಕು. ಶಾಯಿಯ ಕಂಬ ಮೊನೆಯವರೆಗೂ ತುಂಡಾಗದೆ ಇದ್ದರೆ ತೊಂದರೆ ಮೊನೆಯಲ್ಲಿದೆ. ನಡುವೆ ಬಿಳಿಯ ಖಾಲಿ ಜಾಗ ಕಂಡರೆ ಅದು ಗಾಳಿ. ಈ ಭೇದವನ್ನು ತಿಳಿಯದೆ ಏನು ಮಾಡಿದರೂ ಶ್ರಮ ವ್ಯರ್ಥ.

ಮೊನೆ ಒಣಗಿದ್ದರೆ ಔಷಧ ನೀರು. ನೀರಿನ ಶಾಯಿಯನ್ನು ಸಡಿಲಿಸಲು ನೀರಿಗಿಂತ ಮಿಗಿಲಾದದ್ದಿಲ್ಲ. ಲೋಟದಲ್ಲಿ ಬೆರಳು ತಾಳುವಷ್ಟು ಬಿಸಿಯಾದ ನೀರನ್ನು ತೆಗೆದುಕೊಂಡು ಮೊನೆಯನ್ನಷ್ಟೇ, ಅಂದರೆ ಲೋಹದ ಭಾಗವನ್ನಷ್ಟೇ, ಐದು ನಿಮಿಷ ಅದ್ದಿಡಬೇಕು. ಹೊರತೆಗೆದು ಹಳೆಯ ಹತ್ತಿ ಬಟ್ಟೆಯ ಮೇಲೆ ಮೊನೆಯನ್ನು ಮೆಲ್ಲಗೆ ಒತ್ತಿ ಎಳೆಯಬೇಕು. ಬಟ್ಟೆಗೆ ಬಣ್ಣ ಹತ್ತಿದರೆ ಹೊಪ್ಪಳೆ ಕರಗುತ್ತಿದೆ ಎಂದು ಅರ್ಥ. ಹತ್ತದಿದ್ದರೆ ಇನ್ನೊಮ್ಮೆ ಅದ್ದಬೇಕು. ಬಹಳ ದಿನ ಒಣಗಿದ್ದಕ್ಕೆ ಮೂರು ನಾಲ್ಕು ಸಲವೂ ಬೇಕಾಗಬಹುದು. ಆಮೇಲೆ ಗುಂಡನ್ನು ಉರುಳಿಸಬೇಕು. ನುಣುಪಾದ ಕಾಗದದ ಮೇಲೆ ಗುಂಡು ಉರುಳದೆ ಜಾರುತ್ತದೆ. ಆದ್ದರಿಂದ ಅಳಿಸುವ ರಬ್ಬರಿನ ಮೇಲೋ ತೊಳೆದ ರಬ್ಬರ್ ಚಪ್ಪಲಿಯ ಅಟ್ಟೆಯ ಮೇಲೋ ಸಣ್ಣ ಸಣ್ಣ ಸುತ್ತು ಎಳೆಯುವುದು ಲೇಸು. ರಬ್ಬರು ಗುಂಡನ್ನು ಹಿಡಿದು ತಿರುಗಿಸುತ್ತದೆ. ಹತ್ತಿಪ್ಪತ್ತು ಸುತ್ತಿನೊಳಗೆ ಗೆರೆ ಮೂಡತೊಡಗುತ್ತದೆ. ಮೊದಲ ಗೆರೆಗಳು ಮಸುಕಾಗಿರುತ್ತವೆ, ಅದು ಬೆರೆತ ನೀರು. ಒರಟು ಕಾಗದದ ಮೇಲೆ ಒಂದೆರಡು ಸಾಲು ಬರೆದರೆ ಬಣ್ಣ ಮತ್ತೆ ಕೂಡುತ್ತದೆ. ಎಣ್ಣೆಯ ಕೈ ಸೋಕಿದ ಕಾಗದ ಅಥವಾ ಮೇಣದ ಹೊಳಪಿನ ಕಾಗದದಿಂದ ನಿಂತ ಮೊನೆಗೂ ಇದೇ ಉಪಚಾರ ಸಾಕು.

ಗಾಳಿಗುಳ್ಳೆಗೆ ಬೇರೆ ಉಪಾಯ. ಜೋಳದ ತೆನೆ ಹಾಲುಗಟ್ಟುವ ಕಾಲದಲ್ಲಿ ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸುವುದನ್ನು ತಿಂಥಣಿಯ ಸೀಮೆಯ ಹಿರಿಯರು ಬಲ್ಲರು. ತಿರುಗುವ ಕವಣೆಯಲ್ಲಿ ಕಲ್ಲು ಹೊರಕ್ಕೇ ಒತ್ತಿಕೊಂಡಿರುತ್ತದೆ. ಅದೇ ನಿಯಮ ಇಲ್ಲಿಯೂ. ರೀಫಿಲ್ಲನ್ನು ಪೆನ್ನಿನೊಳಗೇ ಇಟ್ಟು, ಟೋಪಿ ಬಿಗಿದು, ಪೆನ್ನಿನ ಹಿಂಭಾಗಕ್ಕೆ ಗಟ್ಟಿಯಾದ ದಾರ ಕಟ್ಟಬೇಕು. ಮೊನೆ ಹೊರಮುಖವಾಗಿರಬೇಕು, ಇದು ತಪ್ಪಿದರೆ ಫಲ ವಿಪರೀತ. ಸುಮಾರು 60 ಸೆಂಟಿಮೀಟರು ಉದ್ದದ ದಾರವನ್ನು ಸೆಕೆಂಡಿಗೆ ಎರಡು ಸುತ್ತಿನಂತೆ ಬೀಸಿದರೆ ಶಾಯಿಯ ಮೇಲೆ ಬೀಳುವ ಸೆಳೆತ ಭೂಮಿಯ ಸೆಳೆತದ ಒಂಬತ್ತು ಹತ್ತು ಪಟ್ಟು ಆಗುತ್ತದೆ. ಭಾರವಾದ ಶಾಯಿ ಮೊನೆಯ ಕಡೆಗೆ ಸರಿದು, ಹಗುರಾದ ಗಾಳಿ ಹಿಂದಕ್ಕೆ ಹೋಗುತ್ತದೆ. ಅರ್ಧ ನಿಮಿಷ ಬೀಸಿ ನೋಡಿ, ಬೇಕಾದರೆ ಮತ್ತೆ ಬೀಸಬೇಕು. ಅಂಗಳದಲ್ಲಿ, ಯಾರೂ ಹತ್ತಿರವಿಲ್ಲದಾಗ ಮಾಡತಕ್ಕ ಕೆಲಸವಿದು. ವಿಜ್ಞಾನದ ಅಧ್ಯಾಪಕರಿಗೆ ಇದಕ್ಕಿಂತ ಅಗ್ಗದ ಪಾಠೋಪಕರಣ ಸಿಗಲಾರದು! ದಾರ ಕಟ್ಟುವ ತಾಳ್ಮೆ ಇಲ್ಲದವರು ಜ್ವರಮಾಪಕವನ್ನು ಕೊಡಹುವಂತೆ ಮೊನೆ ಕೆಳಗಾಗಿ ಕೊಡಹಿದರೂ ಸಣ್ಣ ಗುಳ್ಳೆಗಳು ಸರಿಯುತ್ತವೆ.

ಮಾಡಬಾರದ ಕೆಲವು ಕೆಲಸಗಳಿವೆ, ಅವೇ ಹೆಚ್ಚು ಪ್ರಚಾರದಲ್ಲಿವೆ. ಬೆಂಕಿಕಡ್ಡಿಯ ಜ್ವಾಲೆಗೆ ಮೊನೆ ಹಿಡಿಯುವುದು ಎಣ್ಣೆ ಶಾಯಿಯ ಬಾಲ್ ಪೆನ್ನಿನ ಕಾಲದ ಅಭ್ಯಾಸ. ಬಿಸಿಗೆ ಎಣ್ಣೆ ಸಡಿಲವಾಗುತ್ತಿತ್ತು, ಆಗ ಅದಕ್ಕೊಂದು ಅರ್ಥವಿತ್ತು. ನೀರಿನ ಶಾಯಿಗೆ ಬೆಂಕಿ ತೋರಿದರೆ ಉಳಿದ ನೀರೂ ಆವಿಯಾಗಿ ಹೊಪ್ಪಳೆ ಇನ್ನಷ್ಟು ಗಟ್ಟಿಯಾಗುತ್ತದೆ, ಪ್ಲಾಸ್ಟಿಕ್ ಕೊಳವೆ ಮೆತ್ತಗಾಗಿ ಮೊನೆ ಕಳಚುತ್ತದೆ. ಸ್ಪಿರಿಟ್ಟು, ಉಗುರುಬಣ್ಣ ತೆಗೆಯುವ ದ್ರವ ಇವುಗಳಲ್ಲಿ ಅದ್ದುವುದೂ ಸರಿಯಲ್ಲ. ಕಾರ್ಖಾನೆಯಲ್ಲಿ ಕ್ಸಾಂಥನ್ ಅಂಟನ್ನು ದ್ರಾವಣದಿಂದ ಬೇರ್ಪಡಿಸುವುದೇ ಆಲ್ಕೋಹಾಲ್ ಸುರಿದು. ಹುಳಿ ಬಿದ್ದ ಹಾಲಿನಂತೆ ಅಂಟು ಗರಣೆಗಟ್ಟಿ ಬೇರೆಯಾಗುತ್ತದೆ. ಮೊನೆಯೊಳಗೆ ಅದೇ ಆದರೆ ಬಿಡಿಸಿಕೊಳ್ಳುವ ದಾರಿಯಿಲ್ಲ. ಬಾಯಿಂದ ಊದುವುದು, ಹೀರುವುದು ಸರ್ವಥಾ ಕೂಡದು.

ಗುಂಡಿನ ಗೂಡು ನಜ್ಜಾಗಿದ್ದರೆ, ಶಾಯಿಯ ಕಂಬವೇ ಉದ್ದಕ್ಕೂ ಬಿರುಕುಬಿಟ್ಟು ಒಣಗಿದ್ದರೆ, ಯಾವ ಉಪಾಯವೂ ನಡೆಯದು. ಕೆಲವರು ಸಿರಿಂಜಿನಿಂದ ಬೇರೆ ಶಾಯಿ ತುಂಬಲು ಹವಣಿಸುತ್ತಾರೆ. ಬಾಟಲಿಯ ಶಾಯಿಯಲ್ಲಿ ಗಟ್ಟಿತನ ನೀಡುವ ಅಂಟಿಲ್ಲ, ಅದು ಮೊನೆಯಿಂದ ಸೋರಿ ಅಂಗಿ ಹಾಳುಮಾಡುತ್ತದೆ. ರೀಫಿಲ್ಲು ಎಂಬ ಮಾತಿಗೆ ಮರಳಿ ತುಂಬುವುದು ಎಂದರ್ಥ. ಮರಳಿ ತುಂಬಲಾಗದ ವಸ್ತುವಿಗೆ ಆ ಹೆಸರನ್ನಿಟ್ಟು ಮಾರುವುದು ವ್ಯಾಪಾರದ ಜಾಣತನವಲ್ಲದೆ ಬೇರೇನಲ್ಲ. ಇತ್ತೀಚಿನ ಅಗ್ಗದ ಪೆನ್ನುಗಳಲ್ಲಿ ಕೊಳವೆಯನ್ನು ಬದಲಾಯಿಸಲೂ ಬಾರದಂತೆ ಅಂಟಿಸಿಬಿಟ್ಟಿರುತ್ತಾರೆ. 2022ರ ಜುಲೈ 1ರಿಂದ ದೇಶದಲ್ಲಿ ಜಾರಿಗೆ ಬಂದ ಒಂದೇ ಬಾರಿ ಬಳಸುವ ಪ್ಲಾಸ್ಟಿಕ್ಕಿನ ನಿಷೇಧದ ಪಟ್ಟಿಯಲ್ಲಿ ಕಿವಿಕಡ್ಡಿಯಿದೆ, ಸ್ಟ್ರಾ ಇದೆ, ಐಸ್‌ಕ್ರೀಮ್ ಕಡ್ಡಿಯಿದೆ. ಪೆನ್ನೂ ಇಲ್ಲ, ರೀಫಿಲ್ಲೂ ಇಲ್ಲ.

ತಿಂಥಣಿಯ ಮೌನೇಶ್ವರರು ವಿಶ್ವಕರ್ಮ ಸಮುದಾಯದಲ್ಲಿ ಹುಟ್ಟಿದವರು. ಕಬ್ಬಿಣ, ಮರ, ಕಂಚು, ಕಲ್ಲು, ಚಿನ್ನದ ಕೆಲಸಗಾರರ ಪರಂಪರೆಯದು. ಆ ಸೀಮೆಯ ಹಳ್ಳಿಗಳಲ್ಲಿ ಕಮ್ಮಾರನೂ ಬಡಿಗನೂ ಆಯಗಾರರಾಗಿದ್ದರು. ಸುಗ್ಗಿಯಲ್ಲಿ ರಾಶಿಯ ಕಣದಿಂದ ಅವರಿಗೆ ಇಂತಿಷ್ಟು ಕಾಳು ಸಲ್ಲುತ್ತಿತ್ತು. ಅದಕ್ಕೆ ಪ್ರತಿಯಾಗಿ ವರ್ಷವಿಡೀ ಕೂರಿಗೆ, ಕುಂಟೆ, ನೇಗಿಲಿನ ಗುಳಗಳನ್ನು ಅವರು ದುರಸ್ತಿ ಮಾಡಿಕೊಡುತ್ತಿದ್ದರು. ಆ ವ್ಯವಸ್ಥೆಯಲ್ಲಿ ಜಾತಿಯ ಕಟ್ಟು ಇತ್ತು, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ದುರಸ್ತಿಗೂ ಬೆಲೆಯಿದೆ ಎಂದು ಒಪ್ಪಿ ಕಾಳು ಅಳೆದುಕೊಟ್ಟ ಲೆಕ್ಕಾಚಾರ ಅದರಲ್ಲಿತ್ತು. ವಸ್ತು ಏತರಿಂದ ಆಗಿದೆ ಎಂದು ಬಲ್ಲವನೇ ಅದನ್ನು ಸರಿಪಡಿಸಬಲ್ಲನು.

ಬರವಣಿಗೆಯ ಸಾಮಗ್ರಿಗಳ ವಿಷಯದಲ್ಲಿಯೂ ಕನ್ನಡ ನಾಡಿಗೆ ಆ ಅರಿವಿತ್ತು. ಅಳಲೆಕಾಯಿಯನ್ನು ಜಜ್ಜಿ ನೆನೆಹಾಕಿ, ಕುದಿಸಿ ಸೋಸಿದ ಕಷಾಯಕ್ಕೆ ಅನ್ನಭೇದಿ ಬೆರೆಸಿದರೆ ಕಪ್ಪು ಶಾಯಿ ಸಿದ್ಧವಾಗುತ್ತಿತ್ತು. ಕಾಯಿಯ ಒಗರು ಕಬ್ಬಿಣದೊಡನೆ ಕೂಡಿ ಕಪ್ಪಾಗುತ್ತದೆ. ಶಾಯಿ ಕಾಗದಕ್ಕೆ ಹಿಡಿಯಲು ಜಾಲಿಯ ಅಂಟು ಸೇರಿಸುತ್ತಿದ್ದರು. ಅಳಲೆ ಮಲೆನಾಡಿನ ಕಾಡಿನದು, ಕರಿಜಾಲಿ ತಿಂಥಣಿಯಂಥ ಕಪ್ಪು ನೆಲದ ಬದುವಿನದು. ಇನ್ನು ಕಡತ. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಾಡಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದಾಗ ಒರೆಸಿ ಮತ್ತೆ ಕಪ್ಪು ಬಳಿದು ಮತ್ತೆ ಬರೆಯಬಹುದಾಗಿತ್ತು. ಸರ್ಕಾರಿ ಕಚೇರಿಗಳಲ್ಲಿ ಇಂದಿಗೂ ಫೈಲಿಗೆ ಕಡತವೆಂದೇ ಹೆಸರು, ವಸ್ತು ಹೋಗಿ ಹೆಸರುಳಿದಿದೆ. ಪುನಃ ಕಡತಕ್ಕೆ ಮರಳಿರೆಂದು ಹೇಳುವುದು ಹುಡುಗಾಟವಾದೀತು. ಆದರೆ ನಿಬ್ಬಿನ ಶಾಯಿಪೆನ್ನು ಅಂಗಡಿಯಲ್ಲಿ ಇನ್ನೂ ಸಿಗುತ್ತದೆ, ಬಾಟಲಿಯ ಶಾಯಿಯೂ ಸಿಗುತ್ತದೆ. ಮನೆಯ ಅಭ್ಯಾಸಕ್ಕೆ, ಪ್ರಬಂಧ ಬರೆಯಲಿಕ್ಕೆ ಅದು ಧಾರಾಳ ಸಾಕು. ಅವಸರದ ಪರೀಕ್ಷೆಗೆ ಜೆಲ್ ಪೆನ್ನೇ ಬೇಕೆನ್ನುವವರು ಅದನ್ನು ಬಳಸಲಿ, ಮೊನೆ ಕೆಳಗಾಗಿ ಟೋಪಿ ಹಾಕಿ ಇಡಲಿ, ಹಿಂದಿನ ರಾತ್ರಿ ಎರಡು ಸಾಲು ಬರೆದು ನೋಡಲಿ.

ಕೊನೆಯದಾಗಿ ಸತ್ತ ರೀಫಿಲ್ಲುಗಳ ಮಾತು. ಮಲೆನಾಡಿನ ಮನೆಗಳಲ್ಲಿ ಇಂಥ ಚೂರುಗಳೆಲ್ಲ ಬಚ್ಚಲ ಒಲೆಗೆ ಹೋಗುತ್ತವೆ. ಕೊಳವೆ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್. ಸೌದೆಯ ಒಲೆಯ ಅರೆಬೆಂಕಿಯಲ್ಲಿ ಅದು ಪೂರ್ತಿ ಉರಿಯದೆ ಮಸಿ, ಕಾರ್ಬನ್ ಮಾನಾಕ್ಸೈಡ್, ಕಣ್ಣುಗಂಟಲು ಉರಿಸುವ ಹೊಗೆಗಳನ್ನು ಕೊಡುತ್ತದೆ. ನೀರು ಕಾಸುವ ಹೆಂಗಸರೇ ಅದನ್ನು ಉಸಿರಾಡುವುದು. ಮೊನೆ ಹಿತ್ತಾಳೆಯದಾದರೆ ಕಡೆತಕ್ಕೆ ಸುಲಭವಾಗಲೆಂದು ಸ್ವಲ್ಪ ಸೀಸ ಬೆರೆಸಿದ ಹಿತ್ತಾಳೆಯೂ ಆಗಿರಬಹುದು. ಆ ಒಲೆಯ ಬೂದಿ ಹೋಗುವುದು ಬಸಳೆಯ ಬುಡಕ್ಕೆ, ಅಡಿಕೆಯ ಬುಡಕ್ಕೆ. ಆದಕಾರಣ ಶಾಲೆಯಲ್ಲಿ ಒಂದು ಡಬ್ಬಿಯಿಡುವುದು ಯೋಗ್ಯ. ತಿಂಗಳಿಗೊಮ್ಮೆ ಅದನ್ನು ಸುರಿದು, ಶಾಯಿಯಿರುವವನ್ನು ಆರಿಸಿ, ಮೇಲೆ ಹೇಳಿದ ಉಪಚಾರಗಳನ್ನು ಮಕ್ಕಳೇ ಮಾಡಲಿ. ಎಷ್ಟು ಬಂದವು, ಎಷ್ಟು ಮತ್ತೆ ಬರೆದವು, ಬರೆಯದವು ಯಾವ ಕಾರಣಕ್ಕೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಉಳಿದವುಗಳ ಮೊನೆಯನ್ನು ಇಕ್ಕಳದಿಂದ ಕಿತ್ತು ಲೋಹವನ್ನು ಬೇರೆ ಡಬ್ಬಿಯಲ್ಲಿ ಕೂಡಿಟ್ಟರೆ ವರ್ಷದ ಕೊನೆಗೆ ಗುಜರಿಯವನು ಒಯ್ಯುವಷ್ಟಾದೀತು. ಕೊಳವೆಗಳು ಗ್ರಾಮ ಪಂಚಾಯಿತಿಯ ಒಣಕಸಕ್ಕೆ ಹೋಗಲಿ, ಹಳ್ಳಕ್ಕೆ ಬೇಡ. ಪುಸ್ತಕದ ಮೊದಲ ಪುಟವನ್ನು ಉಪಚಾರಗೊಂಡ ರೀಫಿಲ್ಲಿನಿಂದಲೇ ಬರೆಯಬಹುದು.